ತೊಂಬತ್ತಮೂರನೆಯ ಸಾಹಸ

ಗಂಡ ನಿವೃತ್ತನಾಗಿ ಮೂರು ತಿಂಗಳಾಗುವಷ್ಟರಲ್ಲಿ ಟೈಲರಮ್ಮನಿಗೆ ‘ಸಾಹಸ’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಮೈಯೆಲ್ಲ ಉರಿಯುವಂತಾಗಿತ್ತು.

ಬೀದಿಯವರು ಅವಳನ್ನು ಕರೆಯುತ್ತಿದ್ದುದೇ ಹಾಗೆ, ಟೈಲರಮ್ಮ ಎಂದು. ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಗೆ ಒತ್ತಿಟ್ಟ ಹೊಲಿಗೆ ಯಂತ್ರದ ಮುಂದೆ ಇಪ್ಪತ್ತೇಳು ವರ್ಷ ಕೂತವಳು ಅವಳು. ಶಾಲೆಯ ಸಮವಸ್ತ್ರ, ಪರದೆ, ದಿಂಬಿನ ಕವರು, ಈಚಿನ ಆರು ವರ್ಷಗಳಿಂದ ದೊಡ್ಡಾಸ್ಪತ್ರೆಯ ನರ್ಸುಗಳ ಮೇಲಂಗಿ, ಇವೆಲ್ಲ ಅವಳ ಕಾಲ ಕೆಳಗಿನ ಪೆಡಲಿನಿಂದಲೇ ಹೊರಟವು. ಗಂಡ ನೋಂದಣಿ ಕಚೇರಿಯಲ್ಲಿ ದಾಖಲೆ ಕೋಣೆಯ ಗುಮಾಸ್ತ. ಬೆಳಿಗ್ಗೆ ಕಡತವನ್ನು ಕಪಾಟಿನಿಂದ ತೆಗೆದುಕೊಡುವುದು, ಸಂಜೆ ಅದೇ ಕಡತವನ್ನು ಅದೇ ಕಪಾಟಿಗೆ ಸೇರಿಸುವುದು. ಇದನ್ನೇ ಮೂವತ್ತನಾಲ್ಕು ವರ್ಷ ಮಾಡಿದ. ಬೀಳ್ಕೊಡುಗೆಯ ದಿನ ಮೇಲಧಿಕಾರಿ ಎದ್ದು ನಿಂತು, “ಇನ್ನು ಮೇಲೆ ದಿನಕ್ಕೊಂದು ಹೊಸ ಕೆಲಸ ಮಾಡಿ ನೋಡಿ. ಎಷ್ಟು ಸಣ್ಣದಾದರೂ ಸರಿ, ಅದೇ ನಿಜವಾದ ಸಾಹಸ” ಎಂದು ಭಾಷಣ ಮಾಡಿದನಂತೆ. ಮಾಡಿದವನು ಕಾರು ಹತ್ತಿ ಹೋಗಿ ಅದನ್ನು ಮರೆತ. ಕೇಳಿದವನು ಮನೆಗೆ ಬರುವ ದಾರಿಯಲ್ಲಿ ಕೆಂಪು ರಟ್ಟಿನ ನೋಟ್‌ಬುಕ್ಕೊಂದನ್ನು ಕೊಂಡು ತಂದ.

ಮೊದಲನೆಯ ಸಾಹಸ, ಎಡಗೈಯಲ್ಲಿ ಹಲ್ಲುಜ್ಜಿದ್ದು. ಪೇಸ್ಟು ಕನ್ನಡಿಗೆಲ್ಲ ಹಾರಿತ್ತು; ಒರೆಸಿದವಳು ಹೆಂಡತಿ. ನಾಲ್ಕನೆಯದು, ತಾನೇ ಕನ್ನಡಿ ಹಿಡಿದುಕೊಂಡು ಕೂದಲು ಕತ್ತರಿಸಿಕೊಂಡದ್ದು. ಬಚ್ಚಲಿನ ಕೊಳವೆ ಕಟ್ಟಿಕೊಂಡಾಗ ಅದರಿಂದ ಕೂದಲು ಎಳೆದವಳು ಹೆಂಡತಿ. ಹದಿನೇಳನೆಯದು ತರಕಾರಿ ಸೂಪು. ಅದಕ್ಕೆ ಹನ್ನೊಂದು ಪಾತ್ರೆ ಹಿಡಿದಿತ್ತು, ಸೂಪು ಮಾತ್ರ ಯಾರಿಗೂ ಹಿಡಿಸಲಿಲ್ಲ. ಮೂವತ್ತನೆಯದರಲ್ಲಿ ಕೊಳಲು ಬಂತು, ನಲವತ್ತೊಂದರಲ್ಲಿ ಕೊಳಲು ಅಟ್ಟ ಸೇರಿತು. ಪ್ರತಿ ಸಾಹಸಕ್ಕೂ ಒಂದು ಬಾಲವಿರುತ್ತಿತ್ತು. ಬಾಲ ಹಿಡಿದು ಹಿಂದೆ ಓಡುವ ಕೆಲಸ ಟೈಲರಮ್ಮನದಾಗಿತ್ತು.

“ಸ್ವಲ್ಪ ತಡಕೊಳ್ಳೇ,” ಎನ್ನುತ್ತಿದ್ದಳು ಒಳಕೋಣೆಯ ಮಂಚದಿಂದ ಅತ್ತೆ. ಸೊಂಟ ಮುರಿದು ಎರಡು ವರ್ಷದಿಂದ ಮಲಗಿದಲ್ಲೇ ಇದ್ದರೂ ಮುದುಕಿಯ ನಾಲಿಗೆಗೆ ಏನೂ ಆಗಿರಲಿಲ್ಲ. “ಅವನು ಚಿಕ್ಕಂದಿನಲ್ಲಿ ಏನೂ ಚೇಷ್ಟೆ ಮಾಡಲಿಲ್ಲ. ಈಗ ಬಾಕಿ ತೀರಿಸ್ತಿದಾನೆ.”

ಟೈಲರಮ್ಮ ತಡೆದುಕೊಂಡಳು. ಬೆಳಿಗ್ಗೆ ಅಡುಗೆ, ಆಮೇಲೆ ಅತ್ತೆಯ ಮೈ ಒರೆಸಿ ಬಟ್ಟೆ ಬದಲಿಸುವುದು, ಆಮೇಲೆ ಯಂತ್ರ, ಮಧ್ಯಾಹ್ನ ಊಟ, ಮತ್ತೆ ಯಂತ್ರ, ಸಂಜೆ ಪಾತ್ರೆ. ತಡೆದುಕೊಳ್ಳುವುದಕ್ಕೆ ಬೇರೆ ಸಮಯ ಬೇಕಾಗಿರಲಿಲ್ಲ, ಕೆಲಸ ಮಾಡುತ್ತಲೇ ತಡೆದುಕೊಂಡಳು. ಆದರೆ ಒಂದು ದಿನ ಗಂಡ ಊಟಕ್ಕೆ ಕೂತು, ತಟ್ಟೆಯನ್ನು ನೋಡಿ, ಅವಳನ್ನು ನೋಡಿ, ನಿಜವಾಗಿಯೂ ಕನಿಕರಪಟ್ಟವನಂತೆ ಒಂದು ಮಾತಾಡಿದ.

“ನೀನೂ ಏನಾದ್ರೂ ಹೊಸದು ಮಾಡ್ಬೇಕು ಕಣೇ. ದಿನಾ ಒಂದೇ ತರ ಬದುಕಿದ್ರೆ ಮೆದುಳಿಗೆ ತುಕ್ಕು ಹಿಡಿಯುತ್ತಂತೆ.”

ಅವಳು ಅವನ ತಟ್ಟೆಗೆ ಅನ್ನ ಬಡಿಸುತ್ತಿದ್ದಳು. ಕೈ ಅಲ್ಲೇ ನಿಂತಿತು. ಬಡಿಸಿ ಒಳಗೆ ಹೋದಳು. ಆ ರಾತ್ರಿಯಿಂದ ಎದೆಯೊಳಗೆ ಕೆಂಡ ಇಟ್ಟುಕೊಂಡೇ ಓಡಾಡಿದಳು.

ಅದು ಹೊತ್ತಿ ಉರಿದದ್ದು ಒಂದು ಗುರುವಾರ.

ಆಸ್ಪತ್ರೆಯಲ್ಲಿ ಹೊಸ ವಾರ್ಡು ತೆರೆಯುವುದಿತ್ತು. ನಲವತ್ತು ಮೇಲಂಗಿಗಳನ್ನು ಶನಿವಾರ ಬೆಳಿಗ್ಗೆ ಎಂಟಕ್ಕೆ ಒಪ್ಪಿಸಬೇಕು. ಇಪ್ಪತ್ತೆಂಟು ಮುಗಿದಿದ್ದವು, ಹನ್ನೆರಡಕ್ಕೆ ತೋಳು ಕೂರಿಸುವುದಿತ್ತು. ಗುಂಡಿ ಸಾಲದೆ ಬಂದು ಟೈಲರಮ್ಮ ಬೆಳಿಗ್ಗೆ ಒಂಬತ್ತಕ್ಕೆ ಪೇಟೆಗೆ ಹೋದಳು. ಹನ್ನೊಂದಕ್ಕೆ ಬಾಗಿಲು ತಳ್ಳಿ ಒಳಗೆ ಬಂದರೆ ಕಿಟಕಿಯ ಬಳಿ ಯಂತ್ರದ ಮೇಜು ಇದೆ, ಯಂತ್ರವಿಲ್ಲ. ನೆಲದ ತುಂಬ ಹಳೆಯ ಪತ್ರಿಕೆ ಹಾಸಿದೆ. ಅದರ ಮೇಲೆ ತಿರುಪು, ಸ್ಪ್ರಿಂಗು, ಬಿಲ್ಲೆ, ಕಡ್ಡಿ, ಹಲ್ಲಿನ ಪಟ್ಟಿ. ಒಳಗಿನದೆಲ್ಲ ಕಿತ್ತ ಕರಿಯ ಕಬ್ಬಿಣದ ಒಡಲು ಪಕ್ಕಕ್ಕೆ ಹೊರಳಿ ಬಿದ್ದಿದೆ. ನಡುವೆ ಗಂಡ ಮೊಣಕಾಲೂರಿ, ಕೋಣೆಯ ಮೂಲೆಮೂಲೆಯಿಂದ ಚೀಟಿಗಳನ್ನು ಆರಿಸುತ್ತಿದ್ದಾನೆ.

“ಏನಿದು?” ಎಂದಳು.

“ಗಾಬರಿಯಾಗಬೇಡ. ಪ್ರತಿಯೊಂದರ ಮೇಲೂ ನಂಬರಿನ ಚೀಟಿ ಇಟ್ಟಿದ್ದೆ. ಸೆಕೆ ಅಂತ ಫ್ಯಾನು ಹಾಕಿದ್ದೇ ತಪ್ಪಾಯ್ತು ನೋಡು.”

“ಯಾಕೆ ಬಿಚ್ಚಿದ್ರಿ?”

“ಇಷ್ಟು ವರ್ಷ ಇದರ ಸದ್ದು ಕೇಳ್ತಾ ಬಂದಿದೀನಿ, ಒಳಗೇನಿದೆ ಅಂತ ಒಂದು ಸಲವೂ ನೋಡಿರ್ಲಿಲ್ಲ. ಇವತ್ತಿನದು ಇದೇ. ತೊಂಬತ್ತಮೂರನೇದು.”

“ಶನಿವಾರ ಬಟ್ಟೆ ಕೊಡ್ಬೇಕು ಅಂತ ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತಪ್ಪ. ನೀನು ಬರೋದ್ರೊಳಗೆ ಜೋಡಿಸಿಬಿಡೋಣ ಅಂದ್ಕೊಂಡಿದ್ದೆ. ನೀನು ಎಲ್ಲದರಲ್ಲೂ ಕಡ್ಡೀನ ಗುಡ್ಡ ಮಾಡ್ತೀಯ. ಇದೇನು, ಒಂದು ಸಣ್ಣ—”

“ನೀನು ಬಾಯಿ ಮುಚ್ಚು,” ಎಂದಳು ಟೈಲರಮ್ಮ.

ಮೂವತ್ತೊಂದು ವರ್ಷದ ಸಂಸಾರದಲ್ಲಿ ಆ ಮನೆಯ ಗೋಡೆಗಳು ಅವಳ ಬಾಯಲ್ಲಿ ‘ರೀ’, ‘ನೀವು’, ‘ಬನ್ನಿ’, ‘ತಗೊಳ್ಳಿ’ ಬಿಟ್ಟು ಬೇರೆ ಕೇಳಿರಲಿಲ್ಲ. ಜಗಳವಾಡಿದಾಗಲೂ ಬಹುವಚನದಲ್ಲೇ ಆಡಿದ್ದಳು. ಗಂಡ ಕೈಯಲ್ಲಿದ್ದ ಚೀಟಿಗಳ ಸಮೇತ ಹಾಗೇ ಕೂತುಬಿಟ್ಟ.

“ಯಾರೇ ಬಂದಿರೋದು?” ಅತ್ತೆ ಒಳಗಿನಿಂದ ಕೂಗಿದಳು. “ಯಾರನ್ನ ಬೈತಿದೀಯ?”

“ನಿಮ್ಮ ಮಗನನ್ನ, ಅತ್ತೆ.”

ಒಳಗೆ ಮಂಚ ಕಿರುಗುಟ್ಟಿತು. ಆಮೇಲೆ ಮುದುಕಿ ಅಂದಳು: “ಹಾಗಾದ್ರೆ ಈ ಬಾಗಿಲು ಇನ್ನೊಂಚೂರು ತೆಗಿ. ಸರಿಯಾಗಿ ಕೇಳಿಸ್ತಿಲ್ಲ.”

ಟೈಲರಮ್ಮ ಬಾಗಿಲು ತೆಗೆಯಲಿಲ್ಲ. ಅವಳ ದನಿಗೆ ಅದರ ಅಗತ್ಯವೂ ಇರಲಿಲ್ಲ.

“ದಿನಕ್ಕೊಂದು ಹೊಸದು ಮಾಡ್ತೀಯ. ಅದರ ಹಿಂದೆ ನನ್ನ ಹಳೇ ಕೆಲಸ ಎಷ್ಟು ಬಿದ್ದಿದೆ ಅಂತ ಆ ಪುಸ್ತಕದಲ್ಲಿ ಎಲ್ಲಾದ್ರೂ ಬರೆದಿದೀಯಾ? ಸೂಪು ಮಾಡಿದೆ ಅಂತ ಬರೆದೆ. ಪಾತ್ರೆ ಯಾರು ತೊಳೆದ್ರು ಅಂತ ಬರೆದ್ಯಾ? ನಿನಗೆ ಬೇಜಾರಾಗುತ್ತೆ. ನನಗೆ ಬೇಜಾರಾಗೋಕೂ ಪುರುಸೊತ್ತಿಲ್ಲ. ಮೆದುಳಿಗೆ ತುಕ್ಕು ಹಿಡಿಯುತ್ತೆ ಅಂದೆಯಲ್ಲ, ಈ ಮನೇಲಿ ತುಕ್ಕು ಹಿಡೀದೆ ಇರೋದು ಅಂತ ಇದ್ದದ್ದು ಈ ಮಿಷನ್ ಒಂದೇ. ಅದನ್ನೂ ಬಿಚ್ಚಿ ಹರವಿದೆ.”

“ಈಗ ಏನು ಮಾಡೋದು?” ಎಂದ ಗಂಡ. ಆ ಪ್ರಶ್ನೆಯನ್ನೂ ಅವಳಿಗೇ ಕೇಳಿದನಲ್ಲ, ಅದು ಅವಳನ್ನು ಎಲ್ಲಕ್ಕಿಂತ ಹೆಚ್ಚು ಕೆರಳಿಸಿತು.

ಅವಳು ಪತ್ರಿಕೆಯ ನಾಲ್ಕು ಮೂಲೆ ಹಿಡಿದು ಚೂರುಪಾರನ್ನೆಲ್ಲ ಒಂದು ಡಬ್ಬಿಗೆ ಸುರಿದಳು. ಕಬ್ಬಿಣದ ಒಡಲನ್ನು ಹಳೆಯ ಪರದೆಯಲ್ಲಿ ಸುತ್ತಿ ದಪ್ಪ ಚೀಲಕ್ಕೆ ಹಾಕಿದಳು. ಗಂಡ ಚೀಲಕ್ಕೆ ಕೈ ಹಾಕಲು ಬಂದಾಗ ಅವಳು ನೋಡಿದ ನೋಟಕ್ಕೆ ಅವನು ಎರಡು ಹೆಜ್ಜೆ ಹಿಂದೆ ಸರಿದ. “ನಿಮ್ಮಮ್ಮನಿಗೆ ಒಂದು ಗಂಟೆಗೆ ಊಟ ಕೊಡ್ಬೇಕು,” ಎಂದಷ್ಟೇ ಹೇಳಿ ಬೀದಿಗಿಳಿದಳು.

ಪೇಟೆಯಲ್ಲಿ ಅವಳಿಗೆ ಗೊತ್ತಿದ್ದ ರಿಪೇರಿಯವನ ಅಂಗಡಿಗೆ ಬೀಗ ಬಿದ್ದು ಎರಡು ತಿಂಗಳಾಗಿತ್ತಂತೆ. ಪಕ್ಕದ ಬೀಗದ ಕೈ ಮಾಡುವವನು ತಲೆಯೆತ್ತದೆ ಹೇಳಿದ: “ಅವನಿಗೆ ಕೆಲಸ ಕಲಿಸಿದ ಅಜ್ಜಿ ಒಬ್ಬಳಿದಾಳೆ. ಹದಿನಾಲ್ಕನೇ ನಂಬರ್ ಬಸ್ಸಿನ ಕೊನೇ ಸ್ಟಾಪು. ಇಳಿದು ಸೂಜಿ ಅಜ್ಜಿ ಎಲ್ಲಿ ಅಂತ ಕೇಳಿ.”

ಹದಿನಾಲ್ಕನೆಯ ನಂಬರಿನ ಬಸ್ಸು ಅವಳಿಗೆ ಹೊಸದಲ್ಲ. ಆಸ್ಪತ್ರೆಗೆ ಅದರಲ್ಲೇ ಹೋಗುತ್ತಿದ್ದಳು. ಐದನೆಯ ಸ್ಟಾಪಿನಲ್ಲಿ ಇಳಿಯುವುದು, ಬಟ್ಟೆ ಕೊಡುವುದು, ಎದುರು ಬದಿಯಿಂದ ವಾಪಸು. ಆರನೆಯ ಸ್ಟಾಪು ಎಲ್ಲಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಚೀಲವನ್ನು ತೊಡೆಯ ಮೇಲೆ ಹೇರಿಕೊಂಡು ಕೂತಳು. ಐದನೆಯ ಸ್ಟಾಪು ಬಂದಾಗ ಅಭ್ಯಾಸಬಲದಿಂದ ಅರ್ಧ ಎದ್ದು ಮತ್ತೆ ಕೂತಳು.

ಆಸ್ಪತ್ರೆಯ ಕಾಂಪೌಂಡು ದಾಟಿದ ಮೇಲೆ ರಸ್ತೆ ಇಳಿಜಾರಾಯಿತು. ಮರದ ಅಡ್ಡೆಗಳು ಬಂದವು, ಒಂದು ಉದ್ದನೆಯ ಸೇತುವೆ ಬಂತು. ಸೇತುವೆಯ ಆಚೆ ಗಾಜಿನ ಕಾರ್ಖಾನೆಯ ಅಂಗಳ. ಅಲ್ಲಿ ಒಡೆದ ಬಾಟಲಿಗಳನ್ನು ಬಣ್ಣಬಣ್ಣವಾಗಿ ವಿಂಗಡಿಸಿ ರಾಶಿ ಹಾಕಿದ್ದರು. ಹಸಿರು ರಾಶಿಯೊಂದು ಎರಡು ಮಹಡಿಯಷ್ಟು ಎತ್ತರ. ಅದರ ಪಕ್ಕ ಕಂದು, ಅದರಾಚೆ ಬಿಳಿ. ನಡು ಮಧ್ಯಾಹ್ನದ ಬಿಸಿಲು ಬಿದ್ದು ಅಂಗಳವಿಡೀ ಕಣ್ಣು ಕುಕ್ಕುತ್ತಿತ್ತು. ಬಸ್ಸಿನಲ್ಲಿದ್ದ ಯಾರೂ ಅತ್ತ ನೋಡಲಿಲ್ಲ. ಟೈಲರಮ್ಮ ಕತ್ತು ತಿರುಗಿಸಿ, ಬಸ್ಸು ತಿರುವು ದಾಟಿ ಅಂಗಳ ಮರೆಯಾಗುವವರೆಗೂ ನೋಡಿದಳು.

ನೋಡಿದ್ದಕ್ಕೆ ಸಂತೋಷವಾಗಲಿಲ್ಲ, ಸಿಟ್ಟು ಬಂತು. ಇಷ್ಟು ವರ್ಷ ಇದು ಇಲ್ಲೇ ಇತ್ತು. ಅವಳು ಇಳಿಯುವ ಜಾಗದಿಂದ ಹತ್ತು ನಿಮಿಷದ ದಾರಿ. ಆ ಹತ್ತು ನಿಮಿಷ ಅವಳ ಹತ್ತಿರ ಇರಲಿಲ್ಲ. ಯಾಕೆಂದರೆ ಒಂದು ಗಂಟೆಗೆ ಯಾರಿಗೋ ಊಟ ಬೇಕಿತ್ತು, ಮೂರಕ್ಕೆ ಯಾರಿಗೋ ಮಾತ್ರೆ ಬೇಕಿತ್ತು, ಐದೂವರೆಗೆ ಕಚೇರಿಯಿಂದ ಯಾರೋ ಬರುತ್ತಿದ್ದರು. ತಪ್ಪಿದ್ದರೆ ಮನೆ ಮುಳುಗುತ್ತಿತ್ತೇ? ಮುಳುಗುತ್ತಿರಲಿಲ್ಲ. ಹಾಗಿದ್ದೂ ಒಮ್ಮೆಯೂ ಕೂತಲ್ಲೇ ಕೂತು ಮುಂದಿನ ಸ್ಟಾಪಿಗೆ ಹೋಗಲಿಲ್ಲವಲ್ಲ ಎಂದು ಅವಳಿಗೆ ಮೊದಲ ಬಾರಿಗೆ ತನ್ನ ಮೇಲೂ ರೇಗಿತು. ಚೀಲದ ಭಾರಕ್ಕೆ ತೊಡೆ ಮರಗಟ್ಟಿತ್ತು.

ಸೂಜಿ ಅಜ್ಜಿಯ ಅಂಗಡಿ ಬಸ್ಸು ತಿರುಗುವ ಬಯಲಿನ ಅಂಚಿನಲ್ಲಿತ್ತು. ಒಂದೇ ಕೋಣೆ, ಮೂರು ಗೋಡೆಗೂ ಸಣ್ಣ ಸಣ್ಣ ತಗಡಿನ ಡಬ್ಬಿಗಳು. ಅಜ್ಜಿ ಎಂಬತ್ತರ ಹತ್ತಿರದ ಸಣಕಲು ಹೆಂಗಸು. ಟೈಲರಮ್ಮ ಡಬ್ಬಿಯನ್ನು ಮೇಜಿನ ಮೇಲೆ ಸುರಿದಾಗ ಅಜ್ಜಿ ಬಗ್ಗಿ ನೋಡಲಿಲ್ಲ, ಬೆರಳಿನಿಂದ ತಡವಿದಳು. ಆಗಲೇ ಗೊತ್ತಾದದ್ದು, ಅವಳ ಎರಡೂ ಕಣ್ಣಿಗೆ ಪೊರೆ ಕಟ್ಟಿದೆ ಎಂದು.

“ಯಾರು ಮಾಡಿದ ಘನಕಾರ್ಯ ಇದು?”

“ನನ್ನ ಗಂಡ.”

“ಮೆಕ್ಯಾನಿಕ್ಕಾ?”

“ಅಲ್ಲ. ರಿಟೈರಾಗಿದಾರೆ.”

ಅಜ್ಜಿಗೆ ಅಷ್ಟರಲ್ಲೇ ಎಲ್ಲ ಅರ್ಥವಾದಂತೆ ಕಂಡಿತು. “ನೋಡಮ್ಮಾ, ನನಗೆ ಈಗ ಕಾಣಲ್ಲ. ನಾನು ಬಾಯಲ್ಲಿ ಹೇಳ್ತೀನಿ, ನೀನು ಕೈಯಲ್ಲಿ ಮಾಡು. ಆಗಲ್ಲ ಅಂದ್ರೆ ಗಂಟು ಕಟ್ಕೊಂಡು ಹೊರಡು.”

“ನಾನು ಹೊಲಿಯೋಳು. ಇದರ ಒಳಗಿನದು ನನಗೆ ಗೊತ್ತಿಲ್ಲ.”

“ಎಷ್ಟು ವರ್ಷದಿಂದ ಹೊಲೀತಿದೀಯ?”

“ಈ ಮಿಷನ್ನಿನಲ್ಲಿ ಇಪ್ಪತ್ತೇಳು.”

“ಇಪ್ಪತ್ತೇಳು ವರ್ಷದಲ್ಲಿ ಒಂದು ದಿನವೂ ಬಿಚ್ಚಿ ನೋಡ್ಲಿಲ್ವಾ?”

“ಬಿಚ್ಚೋಕೆ ನನಗೆ ಪುರುಸೊತ್ತೆಲ್ಲಿತ್ತು?” ಎಂದಳು ಟೈಲರಮ್ಮ. ದನಿ ಏರಿತ್ತು. “ಕೆಟ್ಟಾಗ ಯಾರೋ ಬಂದು ರಿಪೇರಿ ಮಾಡಿ ಹೋಗ್ತಿದ್ರು. ಅಷ್ಟು ಹೊತ್ತಿನಲ್ಲಿ ನಾನು ಅಡುಗೆ ಮಾಡ್ಕೊಳ್ತಿದ್ದೆ.”

“ನನ್ನ ಮೇಲೆ ಯಾಕೆ ಹಾರಾಡ್ತೀಯ. ತಿರುಪುಳಿ ತಗೋ.”

ಮೊದಲ ಒಂದು ಗಂಟೆ ಬರೀ ಸ್ವಚ್ಛ ಮಾಡುವುದರಲ್ಲೇ ಹೋಯಿತು. ಗಂಡ ಬಿಚ್ಚಿದ್ದನೇ ಹೊರತು ಒರೆಸಿರಲಿಲ್ಲ. ಬಟ್ಟೆಯನ್ನು ಮುಂದೆ ಸರಿಸುವ ಹಲ್ಲಿನ ಪಟ್ಟಿಯ ಅಡಿಯಲ್ಲಿ ದಾರದ ಧೂಳು ಗಟ್ಟಿಯಾಗಿ ಕೂತಿತ್ತು. ಚಿಮಟದಲ್ಲಿ ಎಳೆದರೆ ಚಕ್ಕೆಚಕ್ಕೆಯಾಗಿ ಬಂತು. ಒಂದು ಪದರ ನೀಲಿ, ಒಂದು ಪದರ ಬಿಳಿ, ನಡುವೆ ಯಾವ ಕಾಲದ್ದೋ ಮರೂನ್. ಎಂದೋ ಹೊಲಿದ ಪರದೆಗಳು, ಎಂದೋ ದೊಡ್ಡವರಾಗಿ ಶಾಲೆ ಬಿಟ್ಟ ಮಕ್ಕಳ ಅಂಗಿಗಳು. ಇದನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡೇ ಯಂತ್ರ ತುಳಿಸಿಕೊಂಡಿತ್ತು.

“ಈಚೆಗೆ ಕಾಲಿಗೆ ಭಾರ ಅನ್ನಿಸ್ತಿತ್ತಾ?” ಎಂದು ಅಜ್ಜಿ ಕೇಳಿದಳು.

ಅನ್ನಿಸುತ್ತಿತ್ತು. ತನಗೆ ವಯಸ್ಸಾಯಿತು ಎಂದುಕೊಂಡಿದ್ದಳು; ಹಾಗೆಂದೇ ಹೇಳಿದಳು.

“ವಯಸ್ಸಲ್ಲ ಮಣ್ಣಲ್ಲ. ನೀನು ಈ ಕಸ ಎಳೀತಿದ್ದೆ. ಇನ್ನೊಂದು ವರ್ಷ ಬಿಟ್ಟಿದ್ರೆ ಸೂಜಿಯ ದಂಡ ಮುರಿದು ಮುಖಕ್ಕೆ ಹಾರ್ತಿತ್ತು. ಬಿಚ್ಚಿದ್ದು ಒಳ್ಳೇದೇ ಆಯ್ತು.”

ಇದು ಟೈಲರಮ್ಮನಿಗೆ ಗಾಯಕ್ಕೆ ಉಪ್ಪು ಸವರಿದ ಹಾಗಾಯಿತು. ಬಿಚ್ಚಿದ್ದು ಒಳ್ಳೆಯದಾಯಿತಂತೆ. ಈ ಮಾತು ಗಂಡನ ಕಿವಿಗೆ ಬಿದ್ದರೆ ಸಾಕು, ಕೆಂಪು ಪುಸ್ತಕದಲ್ಲಿ ಕೆಳಗೆ ಗೀಟೆಳೆದು ಬರೆದುಕೊಂಡಾನು. ಈ ಜನ್ಮದಲ್ಲಿ ಅವನಿಗೆ ಇದನ್ನು ಹೇಳಕೂಡದು ಎಂದು ಅಲ್ಲೇ ನಿಶ್ಚಯಿಸಿದಳು.

ಆಮೇಲೆ ಜೋಡಿಸುವ ಕೆಲಸ. ಅಜ್ಜಿ ಒಂದೊಂದನ್ನೂ ಬೆರಳಲ್ಲಿ ಉಜ್ಜಿ ಗುರುತು ಹಿಡಿದು ಕೊಡುತ್ತಿದ್ದಳು. “ಇದು ಒಳಗಿನ ಕೊಕ್ಕೆ. ಕೆಳಗಿನಿಂದ ತೂರಿಸು. ಬಿಗಿಯಬೇಡ, ಬಿಗಿಯಬೇಡ ಅಂದೆ, ನಿನ್ನ ಗಂಡನ ಕುತ್ತಿಗೆಯಲ್ಲ ಅದು.” ಟೈಲರಮ್ಮ ತಪ್ಪು ಮಾಡಿದಳು, ಬಿಚ್ಚಿದಳು, ಮತ್ತೆ ಹಾಕಿದಳು. ಕೈಗೆ ಎಣ್ಣೆ ಮೆತ್ತಿ ಮುಖಕ್ಕೂ ಬಳಿದುಕೊಂಡಿತು. ನಡುವೆ ಎಲ್ಲೋ ಅವಳಿಗೆ ತಿಳಿಯಿತು, ಮೇಲಿನ ದಾರ ಕೆಳಗಿನ ದಾರವನ್ನು ಹಿಡಿಯುವುದು ಹೇಗೆಂದು. ಕೊಕ್ಕೆ ಅರ್ಧ ಸುತ್ತು ತಿರುಗಿ, ಸೂಜಿ ಬಿಟ್ಟುಹೋದ ಕುಣಿಕೆಯನ್ನು ಎತ್ತಿಕೊಂಡು, ಕೆಳಗಿನ ದಾರ ಸುತ್ತಿದ ಬಾಬಿನ್ನಿನ ಮೈಮೇಲಿಂದ ದಾಟಿಸುತ್ತಿತ್ತು. ಇಷ್ಟೇ. ಲಕ್ಷಾಂತರ ಸಲ ಅವಳ ಕಾಲ ಕೆಳಗೆ ನಡೆದದ್ದು ಇಷ್ಟೇ. ಅವಳು ಚಕ್ರವನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸಿ ಅದನ್ನೇ ಆರೇಳು ಸಲ ನೋಡಿದಳು.

“ನಿದ್ದೆ ಬಂತಾ?” ಎಂದಳು ಅಜ್ಜಿ.

“ಇಲ್ಲ. ನೋಡ್ತಿದೀನಿ.”

“ನೋಡು ನೋಡು,” ಎಂದು ಅಜ್ಜಿ ಅಂದಳು. ಅಷ್ಟು ಹೊತ್ತಿನಲ್ಲಿ ಅವಳು ಬೈಯದೆ ಆಡಿದ್ದು ಅದೊಂದೇ ಮಾತು.

ಕೊನೆಗೆ ದಾರ ಬಿಗಿಹಿಡಿಯುವ ಸಣ್ಣ ಸ್ಪ್ರಿಂಗೊಂದು ಕಡಿಮೆ ಬಂತು. ಅಜ್ಜಿ ಎದ್ದು, ಗೋಡೆಯ ನೂರಾರು ಡಬ್ಬಿಗಳಲ್ಲಿ ಒಂದನ್ನು ತಡಕಾಡದೆ ತೆಗೆದು ಅಂಥದ್ದೇ ಒಂದನ್ನು ಕೊಟ್ಟಳು. ಚಕ್ರವನ್ನು ಕೈಯಲ್ಲೇ ತಿರುಗಿಸಿ ಚಿಂದಿಯ ಮೇಲೆ ಒಂದು ಗೆರೆ ಹೊಲಿದು ನೋಡಿದಾಗ ಹೊಲಿಗೆ ಇರುವೆ ಸಾಲಿನ ಹಾಗೆ ನೇರವಾಗಿ ಬಂತು. ಅಜ್ಜಿ ಅದರ ಮೇಲೆ ಉಗುರಾಡಿಸಿ, “ಸಾಧಾರಣ,” ಎಂದಳು. ಟೈಲರಮ್ಮನಿಗೆ ನಗು ಬಂದುಬಿಟ್ಟಿತು. ಬಂದ ನಗುವನ್ನು ಯಾರಾದರೂ ಕಂಡರೋ ಎಂಬಂತೆ ಸುತ್ತ ನೋಡಿದಳು.

ಮನೆ ಮುಟ್ಟಿದಾಗ ಸಂಜೆ ಆರು. ಗಂಡ ಬಾಗಿಲಲ್ಲೇ ನಿಂತಿದ್ದ. ಅವಳ ಮುಖದ ಎಣ್ಣೆಯ ಕಲೆ ನೋಡಿ ಮೊದಲು ಗಾಬರಿಯಾದ, ಆಮೇಲೆ ಅಂಗೈ ಬಿಚ್ಚಿದ. ಅದರಲ್ಲಿ ಆ ಸ್ಪ್ರಿಂಗು ಇತ್ತು.

“ಅಮ್ಮನ ಮಂಚದ ಕೆಳಗೆ ಸಿಕ್ತು. ಎಲ್ಲಿಗೆ ಹೋಗಿದ್ದೆ ಇಷ್ಟೊತ್ತು?”

“ಹದಿನಾಲ್ಕನೇ ನಂಬರಿನ ಕೊನೇ ಸ್ಟಾಪಿಗೆ. ನಾನೇ ಜೋಡಿಸಿದೆ.”

ಅವನ ಕಣ್ಣು ಅರಳಿದವು. “ನೀನೇನಾ? ಕೊನೇ ಸ್ಟಾಪಲ್ಲಿ ಏನಿದೆ? ಅಯ್ಯೋ, ಒಂದು ಮಾತು ಹೇಳಿದ್ರೆ ನಾನೂ ಬರ್ತಿದ್ದೆನಲ್ಲ.”

ದಾರಿಯುದ್ದಕ್ಕೂ ಸ್ವಲ್ಪ ತಣಿದಿದ್ದ ಸಿಟ್ಟು ಆ ಒಂದು ಮಾತಿಗೆ ಮತ್ತೆ ಭಗ್ಗೆಂದಿತು. ಅವಳು ಚೀಲವನ್ನು ಮೇಜಿನ ಮೇಲಿಟ್ಟು, ಕೆಂಪು ನೋಟ್‌ಬುಕ್ಕನ್ನು ಎತ್ತಿ ಅವನ ಕೈಗೆ ಕೊಟ್ಟಳು.

“ಬರ್ಕೋ. ತೊಂಬತ್ನಾಲ್ಕು, ನಿಮ್ಮಮ್ಮನ ಮೈ ಒರೆಸಿ ಬಟ್ಟೆ ಬದಲಿಸೋದು. ತೊಂಬತ್ತೈದು, ಎರಡು ಹೊತ್ತಿನ ಅಡುಗೆ. ತೊಂಬತ್ತಾರು, ಅಡುಗೆ ಮಾಡಿದ ಪಾತ್ರೆ. ನೀನು ಹುಟ್ಟಿದಾಗಿನಿಂದ ಮಾಡದೇ ಇರೋದು ಅದೇ. ನಿನಗೆ ಅದಕ್ಕಿಂತ ಹೊಸದು ಬೇರೇನಿದೆ?”

“ಸರಿ, ನಾಳೆ ಮಾಡ್ತೀನಿ.”

“ನಾಳೆ ಒಂದಿನ ಅಲ್ಲ. ದಿನಾ.”

“ದಿನಾ ಮಾಡಿದ್ರೆ ಅದು ಹೊಸದು ಹೇಗಾಗುತ್ತೆ?” ಅವನು ನಿಜಕ್ಕೂ ಅರ್ಥವಾಗದೆ ಕೇಳಿದ.

“ನನಗೆ ಗೊತ್ತಿಲ್ಲ. ಮೂವತ್ತೊಂದು ವರ್ಷ ಮಾಡಿ ನೋಡಿದೀನಿ, ನನಗಂತೂ ಗೊತ್ತಾಗ್ಲಿಲ್ಲ. ನೀನು ಓದಿದೋನು, ಕಂಡುಹಿಡಿ.”

ಒಳಗಿನಿಂದ ಅತ್ತೆ ಕೂಗಿದಳು: “ಮಧ್ಯಾಹ್ನ ಇವನು ಊಟ ಕೊಟ್ಟಿದ್ದು ಎರಡೂವರೆಗೆ ಕಣೇ. ಅದನ್ನೂ ಹೇಳು.”

ಮರುದಿನ ಬೆಳಿಗ್ಗೆ ಟೈಲರಮ್ಮ ಎದ್ದವಳೇ ಯಂತ್ರದ ಮುಂದೆ ಕೂತಳು. ಒಳಕೋಣೆಯಿಂದ ಮುದುಕಿಯ ಬೈಗುಳ, ನೀರು ಚೆಲ್ಲಿದ ಸದ್ದು, “ಅಮ್ಮಾ, ಕೈ ಎತ್ತಮ್ಮಾ” ಎಂಬ ಗಂಡನ ಗೋಗರೆತ ಕೇಳುತ್ತಿದ್ದವು. ನಾಲ್ಕು ಸಲ ಏಳಬೇಕೆನ್ನಿಸಿತು. ನಾಲ್ಕು ಸಲವೂ ಕಾಲನ್ನು ಪೆಡಲಿನ ಮೇಲೆ ಒತ್ತಿ ಹಿಡಿದಳು. ಪೆಡಲು ಹೂವಿನ ಹಾಗೆ ಹಗುರವಾಗಿತ್ತು, ಅದಕ್ಕೂ ಅವಳಿಗೆ ಕೋಪ ಬಂತು. ಶನಿವಾರ ಎಂಟಕ್ಕೆ ನಲವತ್ತು ಮೇಲಂಗಿ ಆಸ್ಪತ್ರೆ ಸೇರಿದವು. ಹಿರಿಯ ನರ್ಸು ಎಣಿಸಿ, ಸಹಿ ಹಾಕಿ ತೆಗೆದುಕೊಂಡಳು.

ಗಂಡ ಐದನೆಯ ದಿನಕ್ಕೆ ಸೊಂಟ ನೋವೆಂದ. ಎಂಟನೆಯ ದಿನ, “ಇದು ಬಹಳ ಬೇಜಾರಿನ ಕೆಲಸ ಕಣೇ” ಎಂದ. ಅವಳು ಹೊಲಿಗೆಯಿಂದ ಕಣ್ಣೆತ್ತಲಿಲ್ಲ. ಅವನು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಯಾರೂ ಸಮಾಧಾನ ಹೇಳಲು ಬರದಿದ್ದಾಗ, ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದ. ಆ ವಾರ ಕೆಂಪು ಪುಸ್ತಕದಲ್ಲಿ ಅವನು ಏನೂ ಬರೆಯಲಿಲ್ಲ.

ಅದಾದ ಎರಡನೆಯ ಗುರುವಾರ ಟೈಲರಮ್ಮ ಒಂಬತ್ತನೆಯ ನಂಬರಿನ ಬಸ್ಸು ಹತ್ತಿದಳು. ಅದರಲ್ಲಿ ಹೋಗಲು ಅವಳಿಗೆ ಯಾವ ಕೆಲಸವೂ ಇರಲಿಲ್ಲ. ಕೊನೆಯ ಸ್ಟಾಪಿನಲ್ಲಿ ಲಾರಿ ಓಡಿಸಲು ಕಲಿಸುವ ಮೈದಾನವಿತ್ತು. ಅವಳಷ್ಟೇ ವಯಸ್ಸಿನ ಒಬ್ಬ ಹೆಂಗಸು, ಮನೆಯಷ್ಟು ದೊಡ್ಡ ಲಾರಿಯನ್ನು ಸಾಲಾಗಿಟ್ಟ ಡ್ರಮ್ಮುಗಳ ನಡುವೆ ಹಿಂದಕ್ಕೆ ತರಲು ಹೆಣಗುತ್ತಿದ್ದಳು. ಒಂದು ಡ್ರಮ್ಮು ಉರುಳಿತು. ಕೆಳಗೆ ನಿಂತು ಕಲಿಸುತ್ತಿದ್ದವನು ಕೂಗಾಡಿದ. ಆ ಹೆಂಗಸು ಕಿಟಕಿಯಿಂದ ತಲೆ ಹಾಕಿ ಅವನಿಗಿಂತ ಜೋರಾಗಿ ಕೂಗಾಡಿ, ಮತ್ತೆ ಮೊದಲಿನಿಂದ ಶುರುಮಾಡಿದಳು. ಟೈಲರಮ್ಮ ಬೇಲಿ ಹಿಡಿದುಕೊಂಡು ಒಂದು ಗಂಟೆ ನಿಂತಿದ್ದಳು. ಹನ್ನೊಂದನೆಯ ಪ್ರಯತ್ನಕ್ಕೆ ಲಾರಿ ಒಂದು ಡ್ರಮ್ಮಿಗೂ ತಗಲದೆ ಒಳಗೆ ಹೋದಾಗ ಅವಳ ಕೈ ತಾನಾಗಿ ಬೇಲಿಯನ್ನು ಗುದ್ದಿತು.

ಮನೆಗೆ ಬಂದಾಗ ಮಧ್ಯಾಹ್ನ ಎರಡು ಗಂಟೆ. ಗಂಡ ಅಡುಗೆ ಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದ.

“ಎಲ್ಲಿಗೆ ಹೋಗಿದ್ದೆ? ಏನಿತ್ತು ಅಲ್ಲಿ?”

ಅವಳು ಚಪ್ಪಲಿ ಬಿಟ್ಟು, ಕೈಚೀಲವನ್ನು ಗೂಟಕ್ಕೆ ಹಾಕಿದಳು.

“ಊಟಕ್ಕೆ ಏನು ಮಾಡಿದೀಯ?”

“ಅನ್ನ ಸ್ವಲ್ಪ ತಳ ಹಿಡಿದಿದೆ.”

“ಬಡಿಸು,” ಎಂದು ಅವಳು ಕೈ ತೊಳೆಯಲು ಹೋದಳು.